ಬಾಡಿಗೆ ಮನೆಯಲ್ಲಿರುವ ಬಡ ಕುಟುಂಬಗಳಿಗೆ ಸರ್ಕಾರದ ವಸತಿ ನೆರವು: ಪದೇ ಪದೇ ಕೇಳುವ ಪ್ರಶ್ನೆಗಳು

ಕೂಲಿ ಕೆಲಸದವರು, ಮನೆಕೆಲಸದವರು, ಆಟೋ ಓಡಿಸುವವರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು. ಕರ್ನಾಟಕದಲ್ಲಿ ಇವರಲ್ಲಿ ಬಹಳ ಜನ ಇರುವುದು ಬಾಡಿಗೆ ಮನೆಯಲ್ಲಿ. ದುಡಿದದ್ದರಲ್ಲಿ ದೊಡ್ಡ ಪಾಲು ಬಾಡಿಗೆಗೇ ಹೋಗುತ್ತದೆ. ಸರ್ಕಾರದ ಮನೆ ಯೋಜನೆಗಳ ಬಗ್ಗೆ ಇವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇವೆ. ಯೋಜನೆಯ ಮೊತ್ತ, ಮಿತಿ, ಷರತ್ತುಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ದಿನ ನಿಮ್ಮ ಪಂಚಾಯಿತಿ ಅಥವಾ ಪುರಸಭೆಯಲ್ಲಿ ಇನ್ನೊಮ್ಮೆ ಕೇಳಿಕೊಳ್ಳಿ.

ತಿಂಗಳ ಬಾಡಿಗೆ ಕಟ್ಟೋಕೆ ಸರ್ಕಾರ ದುಡ್ಡು ಕೊಡುತ್ತಾ?

ಇಲ್ಲ. ಬಡ ಕುಟುಂಬ ಅಂತ ನೋಡಿ ತಿಂಗಳು ತಿಂಗಳು ಬಾಡಿಗೆ ಹಣ ಕೊಡುವ ಯೋಜನೆ ಕರ್ನಾಟಕದಲ್ಲಿ ಇಲ್ಲ. ಯಾರಾದರೂ "ಬಾಡಿಗೆ ಭತ್ಯೆ ಮಾಡಿಸಿಕೊಡುತ್ತೇನೆ, ಮೊದಲು ಐನೂರು ಕೊಡಿ" ಅಂದರೆ ಅದು ಮೋಸ.

ದೊಡ್ಡ ಅನಾಹುತ ಆದಾಗ ಮಾತ್ರ ಸರ್ಕಾರ ಬಾಡಿಗೆ ಕೊಟ್ಟದ್ದುಂಟು. 2019ರ ನೆರೆಯಲ್ಲಿ ಮನೆ ಪೂರ್ತಿ ಕಳೆದುಕೊಂಡವರಿಗೆ ಹೊಸ ಮನೆ ಕಟ್ಟಲು 5 ಲಕ್ಷ ರೂಪಾಯಿ ಘೋಷಿಸಿದರು. ಅಲ್ಲಿಯವರೆಗೆ ಬೇರೆ ಕಡೆ ಇರಲು ತಿಂಗಳಿಗೆ 5,000 ರೂಪಾಯಿ ಬಾಡಿಗೆ ಕೊಡುತ್ತೇವೆ ಅಂದರು. ಆದರೆ ಮನೆ ಕಟ್ಟುವ ಹಣ ಸೇರುವುದು ಮನೆಯ ಮಾಲೀಕರಿಗೆ. ಬಿದ್ದ ಮನೆಯಲ್ಲಿ ಬಾಡಿಗೆಗಿದ್ದವರ ಪಾಲಿಗೆ ಅದು ಬರುವುದಿಲ್ಲ.

ಹಾಗಾದರೆ ಈ ಯೋಜನೆಗಳೆಲ್ಲ ಯಾರಿಗೆ?

ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ನಮ್ಮಲ್ಲಿ ವಸತಿ ನೆರವು ಅಂದರೆ ಹೆಚ್ಚಾಗಿ ಮನೆ ಕಟ್ಟಿಕೊಳ್ಳಲು ಸಹಾಯಧನ. ಕಟ್ಟಬೇಕಾದರೆ ನಿಮ್ಮ ಹೆಸರಿನಲ್ಲೋ ಮನೆಯವರ ಹೆಸರಿನಲ್ಲೋ ಜಾಗ ಇರಬೇಕು. ಜಾಗ ಇದ್ದವರಿಗೆ ಒಂದು ದಾರಿ, ಇಲ್ಲದವರಿಗೆ ಬೇರೆ ದಾರಿ. ಎರಡನೆಯದು ಉದ್ದ, ಕಷ್ಟ, ವರ್ಷಗಟ್ಟಲೆ ಕಾಯಿಸುತ್ತದೆ. ಎಷ್ಟೋ ಜನ ಇದು ಗೊತ್ತಿಲ್ಲದೆ ಮನೆ ಕಟ್ಟುವ ಯೋಜನೆಗೆ ಅರ್ಜಿ ಕೊಟ್ಟು, ನಿವೇಶನದ ದಾಖಲೆ ಕೇಳಿದಾಗ ಅಲ್ಲೇ ನಿಂತುಬಿಡುತ್ತಾರೆ. ಆದ್ದರಿಂದ ಯೋಜನೆಯ ಹೆಸರು ಹುಡುಕುವ ಮೊದಲು ಜಾಗದ ಪ್ರಶ್ನೆಗೆ ಉತ್ತರ ಹುಡುಕಿ.

ಜಾಗ ಇದ್ದರೆ: ಹಳ್ಳಿಯಲ್ಲಿ ಬಸವ ವಸತಿ ಯೋಜನೆ ಮತ್ತು ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ). ಎಸ್‌ಸಿ, ಎಸ್‌ಟಿ ಕುಟುಂಬಗಳಿಗೆ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆ. ಪಟ್ಟಣದಲ್ಲಿ ವಾಜಪೇಯಿ ನಗರ ವಸತಿ ಯೋಜನೆ ಮತ್ತು ಪ್ರಧಾನಮಂತ್ರಿ ಆವಾಸ್‌ನ ನಗರ ಭಾಗ. ತೀರಾ ಕಷ್ಟದಲ್ಲಿರುವವರಿಗೆ ದೇವರಾಜ ಅರಸು ವಸತಿ ಯೋಜನೆ. ರಾಜ್ಯದಲ್ಲಿ ಇವನ್ನು ನಡೆಸುವುದು 2000ರಲ್ಲಿ ಶುರುವಾದ ರಾಜೀವ್ ಗಾಂಧಿ ವಸತಿ ನಿಗಮ. ಜನ ಈಗಲೂ ಇವಕ್ಕೆಲ್ಲ ಒಟ್ಟಿಗೆ "ಆಶ್ರಯ ಮನೆ" ಅಂತಲೇ ಹೇಳುತ್ತಾರೆ. ಕಚೇರಿಯಲ್ಲಿ ನೀವೂ ಹಾಗೇ ಕೇಳಬಹುದು, ಅವರಿಗೆ ಅರ್ಥ ಆಗುತ್ತದೆ.

ಜಾಗ ಇಲ್ಲದಿದ್ದರೆ: ಹಳ್ಳಿಯಲ್ಲಿ ನಿವೇಶನ ರಹಿತರ ಪಟ್ಟಿ. ನಗರದಲ್ಲಿ ನಿಗಮದ ಅಥವಾ ಕೊಳಗೇರಿ ಅಭಿವೃದ್ಧಿ ಮಂಡಳಿಯ ಬಹುಮಹಡಿ ಮನೆಗಳು. ಇವುಗಳ ಬಗ್ಗೆ ಕೆಳಗೆ ವಿವರವಾಗಿ ಬರೆದಿದ್ದೇವೆ.

ಊರಲ್ಲಿ ಅಪ್ಪನ ಹೆಸರಿನಲ್ಲಿ ಹಳೇ ಜಾಗ ಇದೆ. ನಾವು ಬೆಂಗಳೂರಿನಲ್ಲಿ ಬಾಡಿಗೆಗಿದ್ದೇವೆ. ಎಲ್ಲಿ ಅರ್ಜಿ ಹಾಕಬೇಕು?

ಮನೆ ಎಲ್ಲಿ ಕಟ್ಟುತ್ತೀರೋ ಅಲ್ಲಿ. ಆದರೆ ಪಂಚಾಯಿತಿಯವರು "ನೀವು ಇಲ್ಲಿ ವಾಸ ಇಲ್ಲವಲ್ಲ" ಅನ್ನಬಹುದು. ರೇಷನ್ ಕಾರ್ಡು, ವೋಟು ಎರಡೂ ಊರಿನಲ್ಲೇ ಇದ್ದರೆ ಈ ತಕರಾರು ಕಡಿಮೆ. ಎರಡನ್ನೂ ಬೆಂಗಳೂರಿಗೆ ಬದಲಾಯಿಸಿಕೊಂಡಿದ್ದರೆ ಊರಿನ ಅರ್ಜಿ ನಿಲ್ಲುವುದು ಕಷ್ಟ.

ಇನ್ನೊಂದು ವಿಷಯ. ಕುಟುಂಬಕ್ಕೆ ಒಂದೇ ಸಲ ನೆರವು. ಊರಿನಲ್ಲಿ ಮನೆ ತೆಗೆದುಕೊಂಡರೆ ಮುಂದೆ ನಗರದ ಯೋಜನೆಯಲ್ಲಿ ನಿಮ್ಮ ಆಧಾರ್ ಹಾಕಿದ ತಕ್ಷಣ ಗೊತ್ತಾಗುತ್ತದೆ. ಮಕ್ಕಳ ಓದು, ಕೆಲಸ ಎಲ್ಲ ನಗರದಲ್ಲೇ ಅಂತಾಗಿದ್ದರೆ, ಊರಿನಲ್ಲಿ ಮನೆ ಕಟ್ಟಿಸಿ ಬೀಗ ಹಾಕಿ ಬರುವುದರಿಂದ ಬಾಡಿಗೆಯ ಭಾರ ಇಳಿಯುವುದಿಲ್ಲ. ಮನೆಯವರೆಲ್ಲ ಕೂತು ಯೋಚಿಸಿ ತೀರ್ಮಾನ ಮಾಡಿ.

ಜಾಗ ಅಪ್ಪನ ಹೆಸರಿನಲ್ಲಿದ್ದು ಅವರು ತೀರಿಕೊಂಡಿದ್ದರೆ ಮೊದಲು ವಂಶವೃಕ್ಷ ಮಾಡಿಸಿ. ಆಮೇಲೆ ಪಂಚಾಯಿತಿಯಲ್ಲಿ ಖಾತೆ ಬದಲಾವಣೆ, ನಂತರ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ಫಾರಂ 9 ಮತ್ತು 11. ಅಣ್ಣತಮ್ಮಂದಿರ ಒಪ್ಪಿಗೆ ಬೇಕಾಗುತ್ತದೆ. ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಮನೆ ಮಂಜೂರಾದ ಮೇಲೆ ಓಡಾಡುವ ಬದಲು ಈಗಲೇ ಶುರು ಮಾಡಿ.

ಎಷ್ಟು ಹಣ ಬರುತ್ತದೆ? ಒಂದೇ ಸಲ ಕೊಡುತ್ತಾರಾ?

ಹಳ್ಳಿಯಲ್ಲಿ ಸಾಮಾನ್ಯ ವರ್ಗದವರಿಗೆ 1.20 ಲಕ್ಷ ರೂಪಾಯಿ. ಎಸ್‌ಸಿ, ಎಸ್‌ಟಿ ಕುಟುಂಬಗಳಿಗೆ ಹಳ್ಳಿಯಲ್ಲಿ 1.75 ಲಕ್ಷ, ನಗರದಲ್ಲಿ 2 ಲಕ್ಷ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಿ ಬಯಲು ಸೀಮೆಗೆ ನಿಗದಿಯಾದ ಮೊತ್ತವೂ 1.20 ಲಕ್ಷವೇ. ಅದರ ಜೊತೆಗೆ ಶೌಚಾಲಯಕ್ಕೆ 12,000 ರೂಪಾಯಿ ಬೇರೆ ಸಿಗುತ್ತದೆ. ನಿಮ್ಮ ಮನೆ ನೀವೇ ಕಟ್ಟಿಕೊಂಡ ದಿನಗಳಿಗೆ ಉದ್ಯೋಗ ಖಾತ್ರಿ ಕೂಲಿಯನ್ನೂ ಸೇರಿಸುವ ವ್ಯವಸ್ಥೆ ಆ ಯೋಜನೆಯಲ್ಲೇ ಇದೆ. ಎಷ್ಟೋ ಮನೆಗಳಲ್ಲಿ ಈ ಕೂಲಿ ಬರೆಸುವುದನ್ನೇ ಮರೆತುಬಿಡುತ್ತಾರೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಕೇಳಿ ಬರೆಸಿ.

ಹಣ ಒಂದೇ ಸಲ ಬರುವುದಿಲ್ಲ. ತಳಪಾಯ, ಲಿಂಟಲ್ (ಬಾಗಿಲು, ಕಿಟಕಿಯ ಮೇಲಿನ ಮಟ್ಟ), ಛಾವಣಿ, ಕೊನೆಗೆ ಪೂರ್ತಿ ಮನೆ, ಹೀಗೆ ನಾಲ್ಕು ಹಂತ. ಪ್ರತಿ ಹಂತಕ್ಕೂ ಪಂಚಾಯಿತಿಯವರು ಬಂದು ಮೊಬೈಲಿನಲ್ಲಿ ಜಿಪಿಎಸ್ ಫೋಟೋ ತೆಗೆಯಬೇಕು. ಫೋಟೋ ಮೇಲೆ ಹೋಗಿ ಒಪ್ಪಿಗೆ ಆದ ಮೇಲೆ ಬಿಲ್ಲು, ಅಂದರೆ ಆ ಹಂತದ ಹಣ, ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ.

ಅಂದರೆ ಮೊದಲು ನೀವು ಖರ್ಚು ಮಾಡಬೇಕು, ಹಣ ಆಮೇಲೆ. ತಳಪಾಯ ಹಾಕುವ ದುಡ್ಡು ಕೈಯಲ್ಲಿ ಇಲ್ಲದೇ ಹೋದರೆ ಮಂಜೂರಾದ ಮನೆಯೂ ಶುರುವಾಗುವುದಿಲ್ಲ. ಗಡುವಿನೊಳಗೆ ಶುರು ಮಾಡದಿದ್ದರೆ ಆ ಮನೆ "ಬ್ಲಾಕ್" ಆಗುತ್ತದೆ. ಬಡವರು ಮನೆ ಕಳೆದುಕೊಳ್ಳುವುದು ಇಲ್ಲೇ ಜಾಸ್ತಿ. ಸ್ವಸಹಾಯ ಸಂಘದಲ್ಲಿ ಸಾಲ ಸಿಗುವ ಹಾಗಿದ್ದರೆ ಮಂಜೂರಾತಿ ಬರುವ ಮೊದಲೇ ಮಾತಾಡಿಟ್ಟುಕೊಳ್ಳಿ. ಮೀಟರ್ ಬಡ್ಡಿಯ ಸಾಲ ಮಾಡಬೇಡಿ. ಬಿಲ್ಲು ತಡವಾದರೆ ಬಡ್ಡಿಯೇ ಸಹಾಯಧನವನ್ನು ತಿಂದುಹಾಕುತ್ತದೆ.

ಆ ದುಡ್ಡಿನಲ್ಲಿ ಮನೆ ಆಗುತ್ತಾ?

ಪೂರ್ತಿ ಆಗುವುದಿಲ್ಲ. ಸಿಮೆಂಟು, ಕಬ್ಬಿಣ, ಮರಳಿನ ರೇಟು ನಿಮಗೇ ಗೊತ್ತು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಿ ಮನೆ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ ಇದ್ದರೆ ಸಾಕು. ನಿಯಮದಲ್ಲಿ ಹೇಳಿದ ಅಳತೆಗೆ ಮೊದಲು ಕಟ್ಟಿ, ಬಿಲ್ಲು ಪೂರ್ತಿ ತೆಗೆದುಕೊಳ್ಳಿ. ಕೈಯಲ್ಲಿ ದುಡ್ಡು ಆದಾಗ ಇನ್ನೊಂದು ರೂಮು ಎಳೆದುಕೊಳ್ಳಬಹುದು. ಮೊದಲ ದಿನವೇ ದೊಡ್ಡ ತಳಪಾಯ ಹಾಕಿ, ಲಿಂಟಲ್‌ಗೆ ಬಂದಾಗ ದುಡ್ಡು ಮುಗಿದು ನಿಂತ ಮನೆಗಳು ಪ್ರತಿ ತಾಲ್ಲೂಕಿನಲ್ಲೂ ಇವೆ. ಆ ಮನೆಯವರು ಈಗಲೂ ಪಕ್ಕದಲ್ಲೇ ಬಾಡಿಗೆ ಕಟ್ಟುತ್ತಿದ್ದಾರೆ.

ಅರ್ಜಿ ಯಾವಾಗ ಬೇಕಾದರೂ ಕೊಡಬಹುದಾ?

ಕೊಡಬಹುದು, ಆದರೆ ಆಯ್ಕೆ ಆಗುವುದು ಸರ್ಕಾರದಿಂದ ಆ ಪಂಚಾಯಿತಿಗೆ "ಇಷ್ಟು ಮನೆ" ಅಂತ ಗುರಿ ಬಂದಾಗ ಮಾತ್ರ. ಗುರಿ ಬಂದ ಮೇಲೆ ಗ್ರಾಮಸಭೆಯಲ್ಲಿ ಹೆಸರು ಆರಿಸಬೇಕು ಅನ್ನುವುದು ನಿಯಮ.

ಗ್ರಾಮಸಭೆಗೆ ಹೋಗಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಆರು ತಿಂಗಳಿಗೆ ಒಮ್ಮೆಯಾದರೂ ಸಭೆ ನಡೆಸಬೇಕು ಅಂತ ಪಂಚಾಯತ್ ರಾಜ್ ಕಾನೂನೇ ಹೇಳುತ್ತದೆ. ಅಲ್ಲಿ ನಿಮ್ಮ ಹೆಸರು ಓದಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಕೂಲಿಗೆ ಹೋಗುವವರು ಒಂದು ದಿನದ ದುಡಿಮೆ ಬಿಟ್ಟು ಬರುವುದು ಕಷ್ಟ ನಿಜ. ಆದರೆ ಬಾಡಿಗೆದಾರರ ಪರವಾಗಿ ಆ ಸಭೆಯಲ್ಲಿ ಮಾತಾಡುವವರು ಬೇರೆ ಯಾರೂ ಇರುವುದಿಲ್ಲ. ಒಬ್ಬೊಬ್ಬರೇ ಹೋಗುವುದಕ್ಕಿಂತ ನಾಲ್ಕು ಮನೆಯವರು ಒಟ್ಟಿಗೆ ಹೋದರೆ ಮಾತಿಗೆ ತೂಕ ಬರುತ್ತದೆ.

ಪಟ್ಟಣಗಳಲ್ಲಿ ಗ್ರಾಮಸಭೆ ಇಲ್ಲ. ಅಲ್ಲಿ ಆಯ್ಕೆ ಮಾಡುವುದು ಆಶ್ರಯ ಸಮಿತಿ. ಅದರ ಅಧ್ಯಕ್ಷರು ಆ ಕ್ಷೇತ್ರದ ಶಾಸಕರು. ಅರ್ಜಿ ಕೊಡಬೇಕಾದದ್ದು ಪಟ್ಟಣ ಪಂಚಾಯಿತಿ, ಪುರಸಭೆ ಅಥವಾ ನಗರಸಭೆಗೆ. ಸ್ವೀಕೃತಿ ತೆಗೆದುಕೊಳ್ಳದೆ ಯಾವ ಅರ್ಜಿಯನ್ನೂ ಕೊಟ್ಟು ಬರಬೇಡಿ.

ಆದಾಯ ಎಷ್ಟಿರಬೇಕು?

ಬಹಳ ವರ್ಷ ಹಳ್ಳಿಯಲ್ಲಿ ವರ್ಷಕ್ಕೆ 32,000 ರೂಪಾಯಿ, ನಗರದಲ್ಲಿ 87,600 ರೂಪಾಯಿ ಅಂತ ಮಿತಿ ಇತ್ತು. 2022ರಲ್ಲಿ ರಾಜ್ಯ ಸರ್ಕಾರ ಇದನ್ನು ಹಳ್ಳಿಯಲ್ಲಿ 1.20 ಲಕ್ಷ, ನಗರದಲ್ಲಿ 2 ಲಕ್ಷಕ್ಕೆ ಏರಿಸಿತು. ಕೇಂದ್ರದ ನಗರ ಆವಾಸ್ ಯೋಜನೆಯಲ್ಲಿ ವರ್ಷಕ್ಕೆ 3 ಲಕ್ಷದವರೆಗೆ ಇರುವವರನ್ನು ಆರ್ಥಿಕವಾಗಿ ದುರ್ಬಲ ವರ್ಗ ಅಂತ ಲೆಕ್ಕ ಹಾಕುತ್ತಾರೆ. ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ.

ಹಿಂದೆ ಬೈಕ್ ಇದ್ದರೆ ಕೇಂದ್ರದ ಗ್ರಾಮೀಣ ಯೋಜನೆಯಿಂದ ಹೆಸರು ತೆಗೆಯುತ್ತಿದ್ದರು. 2024ರ ನಂತರ ಆ ಷರತ್ತು ಇಲ್ಲ. ಮನೆಯಲ್ಲಿ ಯಾರಾದರೂ ತಿಂಗಳಿಗೆ 10,000ಕ್ಕಿಂತ ಹೆಚ್ಚು ದುಡಿದರೆ ಆಗಲ್ಲ ಅನ್ನುತ್ತಿದ್ದದ್ದನ್ನು 15,000ಕ್ಕೆ ಏರಿಸಿದ್ದಾರೆ. ಆಗ ಹೆಸರು ಬಿಟ್ಟುಹೋಗಿದ್ದರೆ ಈಗ ಮತ್ತೆ ಕೇಳಿ.

ನಾನು ವಿಧವೆ, ಮಕ್ಕಳ ಜೊತೆ ಬಾಡಿಗೆಗಿದ್ದೇನೆ. ನನಗೆ ಬೇರೆ ಯೋಜನೆ ಇದೆಯಾ?

ಇದೆ, ದೇವರಾಜ ಅರಸು ವಸತಿ ಯೋಜನೆ. ವಿಧವೆಯರು, ವಿಕಲಚೇತನರು, ಎಚ್‌ಐವಿ ಬಾಧಿತ ಕುಟುಂಬಗಳು, ಕುಷ್ಠರೋಗದಿಂದ ಗುಣವಾದವರು, ಮಾಜಿ ದೇವದಾಸಿಯರು, ಪೌರಕಾರ್ಮಿಕರು, ಅಲೆಮಾರಿಗಳು, ಲಿಂಗತ್ವ ಅಲ್ಪಸಂಖ್ಯಾತರು ಇದರಲ್ಲಿ ಬರುತ್ತಾರೆ. ಉಳಿದ ಯೋಜನೆಗಳ ಹಾಗೆ ಪಂಚಾಯಿತಿಯ ಸಾಮಾನ್ಯ ಪಟ್ಟಿಯಲ್ಲಿ ಪೈಪೋಟಿ ಮಾಡಬೇಕಾಗಿಲ್ಲ. ಆದರೆ ಇದಕ್ಕೂ ಜಾಗ ಬೇಕು.

ಈ ಯೋಜನೆಯ ಹೆಸರನ್ನು ಕೌಂಟರಿನಲ್ಲಿ ತಾವಾಗಿಯೇ ಹೇಳುವವರು ಕಡಿಮೆ. ನೀವೇ ಹೆಸರು ಹಿಡಿದು ಕೇಳಿ. ಗಂಡನ ಮರಣ ಪ್ರಮಾಣಪತ್ರ, ವಿಧವಾ ವೇತನದ ಆದೇಶ, ವಿಕಲಚೇತನರಾದರೆ ಯುಡಿಐಡಿ ಕಾರ್ಡು (ವಿಕಲಚೇತನರ ಗುರುತಿನ ಚೀಟಿ), ಇವನ್ನು ಜೊತೆಗೆ ಒಯ್ಯಿರಿ.

ಮನೆ ಯಾರ ಹೆಸರಿಗೆ ಆಗುತ್ತದೆ?

ಸಾಮಾನ್ಯವಾಗಿ ಮನೆಯ ಹೆಣ್ಣುಮಗಳ ಹೆಸರಿಗೆ. ಹೆಂಡತಿ ತೀರಿಕೊಂಡವರು, ಮಾಜಿ ಸೈನಿಕರು, ವಿಕಲಚೇತನ ಗಂಡಸರು, ಇಂಥವರಿಗೆ ವಿನಾಯಿತಿ ಇದೆ. ಇದನ್ನು ಬರೀ ಕಾಗದದ ನಿಯಮ ಅಂತ ನೋಡಬೇಡಿ. ಗಂಡ ಕುಡಿದು ಮನೆ ಮಾರಿಬಿಟ್ಟ ಅನ್ನುವ ಕಥೆ ಎಷ್ಟು ಕಡಿಮೆಯಾದರೂ ಒಳ್ಳೆಯದೇ. ಹಣ ಬರುವ ಖಾತೆಯೂ ಅವರದೇ ಇರಬೇಕು, ಆಧಾರ್ ಜೋಡಣೆ ಆಗಿರಬೇಕು.

ನಮಗೆ ಜಾಗವೇ ಇಲ್ಲ. ಹಳ್ಳಿಯಲ್ಲಿದ್ದೇವೆ.

ಪಂಚಾಯಿತಿಯಲ್ಲಿ "ನಿವೇಶನ ರಹಿತರ ಪಟ್ಟಿ" ಅಂತ ಇರುತ್ತದೆ. "ವಸತಿ ರಹಿತರ ಪಟ್ಟಿ" ಬೇರೆ, ಅದು ಜಾಗ ಇದ್ದು ಮನೆ ಇಲ್ಲದವರದು. ನಿಮ್ಮ ಹೆಸರು ಮೊದಲನೆಯದರಲ್ಲಿ ಇರಬೇಕು. ತಪ್ಪು ಪಟ್ಟಿಯಲ್ಲಿ ಸೇರಿಸಿದ್ದರೆ ನಿಮ್ಮ ಸರದಿ ಬಂದಾಗಲೂ ಕೆಲಸ ಆಗುವುದಿಲ್ಲ.

ಸರ್ಕಾರಿ ಜಾಗ ಗುರುತಿಸಿ ಕೊಡಬೇಕಾದವರು ತಹಶೀಲ್ದಾರರು. ಜಾಗ ಸಿಕ್ಕ ಮೇಲೆ ಲೇಔಟ್ ಮಾಡಿ ಹಕ್ಕುಪತ್ರ ಹಂಚುತ್ತಾರೆ. ನಿಧಾನ ಆಗುವುದು ಜಾಗ ಗುರುತಿಸುವ ಹಂತದಲ್ಲೇ. ಪಂಚಾಯಿತಿಯಿಂದ ತಹಶೀಲ್ದಾರರಿಗೆ ಪತ್ರ ಹೋಗಿದೆಯಾ, ಯಾವ ಸರ್ವೆ ನಂಬರಿನ ಜಾಗ ಕೇಳಿದ್ದಾರೆ, ಈ ಎರಡು ಪ್ರಶ್ನೆಗಳನ್ನು ಸಭೆಯಲ್ಲಿ ಕೇಳಿ. ಉತ್ತರ ಬರೆದು ಕೊಡಿ ಅನ್ನಿ.

ನಗರದಲ್ಲಿದ್ದೇವೆ, ಜಾಗ ಇಲ್ಲ. ಏನು ದಾರಿ?

ಬೆಂಗಳೂರಿನಲ್ಲಿ "ಮುಖ್ಯಮಂತ್ರಿಗಳ 1 ಲಕ್ಷ ಬಹುಮಹಡಿ ವಸತಿ ಯೋಜನೆ" ಇದೆ. ವಸತಿ ನಿಗಮದ ವೆಬ್‌ಸೈಟಿನಲ್ಲಿ ಅರ್ಜಿ. ಬೆಂಗಳೂರಿನಲ್ಲಿ ವರ್ಷಗಳಿಂದ ವಾಸ ಇದ್ದೀರಿ ಅನ್ನುವುದಕ್ಕೆ ದಾಖಲೆ ಕೇಳುತ್ತಾರೆ. ಬಾಡಿಗೆದಾರರಿಗೆ ತೊಡಕಾಗುವುದು ಇದೇ ದಾಖಲೆ. ಮನೆ ಪುಕ್ಕಟೆ ಅಲ್ಲ. ಸಹಾಯಧನ ಕಳೆದು ಉಳಿದ ಲಕ್ಷಾಂತರ ರೂಪಾಯಿಯನ್ನು ನೀವೇ ಕಟ್ಟಬೇಕು, ಬಹುಪಾಲು ಜನ ಬ್ಯಾಂಕ್ ಸಾಲ ಮಾಡುತ್ತಾರೆ. ಮನೆಗಳು ಊರಾಚೆ ಇರುತ್ತವೆ. ಮುಂಗಡ ಕಟ್ಟುವ ಮೊದಲು ಅಲ್ಲಿಗೆ ಒಮ್ಮೆ ಬಸ್ಸಿನಲ್ಲಿ ಹೋಗಿ ಬನ್ನಿ. ಕೆಲಸದ ಜಾಗಕ್ಕೆ ಎಷ್ಟು ಹೊತ್ತು, ಹತ್ತಿರ ಶಾಲೆ ಇದೆಯಾ, ನೀರು ಬರುತ್ತಾ ನೋಡಿ.

ಕೊಳಗೇರಿ ಮಂಡಳಿಯ ಮನೆಗಳಲ್ಲೂ ಫಲಾನುಭವಿಯ ವಂತಿಕೆ ಬಹಳ ವರ್ಷ ದೊಡ್ಡ ಸಮಸ್ಯೆ ಆಗಿತ್ತು. ಜನ ಕಟ್ಟಲಾಗದೆ ಮನೆಗಳು ಅರ್ಧಕ್ಕೆ ನಿಂತವು. ವಂತಿಕೆಯ ದೊಡ್ಡ ಭಾಗವನ್ನು ರಾಜ್ಯ ಸರ್ಕಾರವೇ ಭರಿಸುವ ತೀರ್ಮಾನ ಆದ ಮೇಲೆ 2024ರ ಮಾರ್ಚ್‌ನಲ್ಲಿ 36,789 ಮನೆಗಳನ್ನು ಹಂಚಿದರು. ಹಳೇ ಅರ್ಜಿ ಹಾಕಿ ದುಡ್ಡಿಲ್ಲದೆ ಸುಮ್ಮನಾದವರು ಮಂಡಳಿಯ ಕಚೇರಿಗೆ ಹೋಗಿ ಈಗ ಎಷ್ಟು ಕಟ್ಟಬೇಕು ಅಂತ ಕೇಳಬೇಕು.

ಪ್ರಧಾನಮಂತ್ರಿ ಆವಾಸ್ ನಗರ 2.0 ಶುರುವಾದದ್ದು 2024ರ ಸೆಪ್ಟೆಂಬರ್‌ನಲ್ಲಿ. ಸ್ವಂತ ಜಾಗದಲ್ಲಿ ಕಟ್ಟುವುದು, ಸರ್ಕಾರದ ಜೊತೆ ಪಾಲುದಾರಿಕೆಯಲ್ಲಿ ಕಟ್ಟಿದ ಮನೆ ಕೊಳ್ಳುವುದು, ಬಾಡಿಗೆ ವಸತಿ, ಸಾಲದ ಬಡ್ಡಿಗೆ ಸಹಾಯಧನ, ಹೀಗೆ ನಾಲ್ಕು ಭಾಗ ಇದೆ. ಮೊದಲ ಎರಡರಲ್ಲಿ ಮನೆಗೆ 2.50 ಲಕ್ಷದವರೆಗೆ ನೆರವು. ಬಡ್ಡಿ ಸಹಾಯಧನ ಗರಿಷ್ಠ 1.80 ಲಕ್ಷ, ಐದು ಕಂತಿನಲ್ಲಿ. ಷರತ್ತು ಎರಡು: ದೇಶದ ಯಾವ ಮೂಲೆಯಲ್ಲೂ ನಿಮ್ಮ ಕುಟುಂಬಕ್ಕೆ ಪಕ್ಕಾ ಮನೆ ಇರಬಾರದು, ಹಿಂದಿನ 20 ವರ್ಷದಲ್ಲಿ ಯಾವುದೇ ಸರ್ಕಾರಿ ವಸತಿ ನೆರವು ಪಡೆದಿರಬಾರದು.

ನಾಲ್ಕರಲ್ಲಿ ಬಾಡಿಗೆ ವಸತಿ ಅನ್ನುವ ಭಾಗವೇ ನಿಜವಾಗಿ ಬಾಡಿಗೆದಾರರಿಗೆ ಆಗಬೇಕಾದದ್ದು. ವಲಸೆ ಬಂದ ಕಾರ್ಮಿಕರಿಗೆ, ಒಬ್ಬಂಟಿಯಾಗಿ ದುಡಿಯುವ ಹೆಣ್ಣುಮಕ್ಕಳಿಗೆ ಕೈಗೆಟುಕುವ ಬಾಡಿಗೆಗೆ ಮನೆ ಅಥವಾ ಡಾರ್ಮಿಟರಿ ಕಟ್ಟುವುದು ಅದರ ಉದ್ದೇಶ. 2020ರಲ್ಲಿ ಕೊರೊನಾ ಲಾಕ್‌ಡೌನ್‌ನಲ್ಲಿ ಕಾರ್ಮಿಕರು ಬಾಡಿಗೆ ಕಟ್ಟಲಾಗದೆ ನಡೆದೇ ಊರಿಗೆ ಹೊರಟದ್ದನ್ನು ದೇಶವೇ ನೋಡಿತು. ಬಾಡಿಗೆ ವಸತಿ ಸಮುಚ್ಚಯದ ಯೋಜನೆ ಬಂದದ್ದು ಅದೇ ವರ್ಷ. ನಮ್ಮ ಅಭಿಪ್ರಾಯದಲ್ಲಿ ಸರ್ಕಾರಗಳು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ ಜಾಗ ಇದು. ಸಾಲ ಮಾಡಿ ಮನೆ ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ, ಎಲ್ಲರೂ ಒಂದೇ ಊರಿನಲ್ಲಿ ಉಳಿಯುವುದೂ ಇಲ್ಲ.

ಸ್ಲಂನಲ್ಲಿ ಬಾಡಿಗೆಗಿದ್ದೇವೆ. ಹಕ್ಕುಪತ್ರ ಯಾರಿಗೆ?

ಮೊದಲು ನೋಡಬೇಕಾದದ್ದು, ನಿಮ್ಮ ಪ್ರದೇಶ 1973ರ ಕೊಳಚೆ ಪ್ರದೇಶ ಕಾಯ್ದೆಯಡಿ ಘೋಷಣೆ ಆಗಿದೆಯಾ ಅಂತ. ಘೋಷಣೆ ಆಗಿದ್ದರೆ ಕೊಳಗೇರಿ ಅಭಿವೃದ್ಧಿ ಮಂಡಳಿ ಮನೆ ಮನೆ ಸಮೀಕ್ಷೆ ಮಾಡುತ್ತದೆ. ಮುಂದಿನದಕ್ಕೆಲ್ಲ ಆ ಪಟ್ಟಿಯೇ ಆಧಾರ. ಸಮೀಕ್ಷೆಯವರು ಬಂದ ದಿನ ನೀವು ಕೆಲಸಕ್ಕೆ ಹೋಗಿದ್ದು, ಬೇರೆಲ್ಲೋ ಇರುವ ಮಾಲೀಕರು ಬಂದು ಹೆಸರು ಬರೆಸಿಬಿಟ್ಟರೆ ಆಮೇಲೆ ಸರಿಪಡಿಸುವುದು ಬಹಳ ಕಷ್ಟ. ನೆರೆಹೊರೆಯವರಿಗೆ ಹೇಳಿಟ್ಟು, ಆ ದಿನ ಮನೆಯಲ್ಲಿ ಒಬ್ಬರಾದರೂ ಇರಿ. ನಿಮ್ಮ ಹೆಸರಿನ ವಿದ್ಯುತ್ ಬಿಲ್, ಮಕ್ಕಳ ಶಾಲೆಯ ದಾಖಲೆ, ರೇಷನ್ ಕಾರ್ಡು ತೋರಿಸಿ.

ಸರ್ಕಾರಿ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡು ಬಹಳ ವರ್ಷ ಆಯಿತು. ಅದು ನಮ್ಮದಾಗುತ್ತಾ?

ಆಗಬಹುದು. ಇಂಥ ಮನೆಯನ್ನು ಸಕ್ರಮ ಮಾಡಿಸಲು ಭೂಕಂದಾಯ ಕಾಯ್ದೆಯಲ್ಲಿ ಸೆಕ್ಷನ್‌ಗಳಿವೆ: 94ಸಿ ಹಳ್ಳಿಗೆ, 94ಸಿಸಿ ನಗರಕ್ಕೆ. ವಾಸದ ಮನೆ ಆಗಿರಬೇಕು, ನಿಗದಿತ ದಿನಾಂಕಕ್ಕೆ ಮೊದಲೇ ಕಟ್ಟಿರಬೇಕು. ಕೆರೆ, ರಾಜಕಾಲುವೆ, ಅರಣ್ಯದ ಜಾಗಕ್ಕೆ ಆಗುವುದಿಲ್ಲ. ಅರ್ಜಿ ತಹಶೀಲ್ದಾರರಿಗೆ. ತಾಂಡಾ, ಹಟ್ಟಿ, ಕ್ಯಾಂಪುಗಳನ್ನು ಕಂದಾಯ ಗ್ರಾಮ ಮಾಡಿ ಹಕ್ಕುಪತ್ರ ಕೊಡುವ ಕೆಲಸ ಬೇರೆಯಾಗಿ ನಡೆದಿದೆ. 2025ರ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ 1,11,111 ಹಕ್ಕುಪತ್ರ ಹಂಚಿದ್ದು ಇದೇ ಬಗೆಯದು. ಹಕ್ಕುಪತ್ರ ಸಿಕ್ಕರೆ ಮನೆ ಕಟ್ಟುವ ಯೋಜನೆಯ ಬಾಗಿಲೂ ತೆರೆಯುತ್ತದೆ.

ಮನೆ ಮಾಲೀಕರು ಬಾಡಿಗೆ ಕರಾರು ಪತ್ರ ಕೊಡುವುದಿಲ್ಲ. ಏನು ಮಾಡುವುದು?

ಕರಾರು ಇಲ್ಲದಿದ್ದರೆ ಆಧಾರ್ ವಿಳಾಸ ಬದಲಾಗುವುದು ಕಷ್ಟ. ಅದು ಬದಲಾಗದೆ ಉಳಿದ ದಾಖಲೆಗಳೂ ಆಗುವುದಿಲ್ಲ. ಕೊನೆಗೆ ನೀವು ಆ ಊರಿನಲ್ಲಿ ಹತ್ತಾರು ವರ್ಷ ಬದುಕಿದ್ದರೂ ಕಾಗದದಲ್ಲಿ ಎಲ್ಲೂ ಇರುವುದಿಲ್ಲ.

ಬಹಳ ಮಾಲೀಕರಿಗೆ ತೆರಿಗೆಯ ಭಯ, ಇನ್ನು ಕೆಲವರಿಗೆ ಬಾಡಿಗೆದಾರರು ಹಕ್ಕು ಸಾಧಿಸುತ್ತಾರೆ ಅನ್ನುವ ಭಯ. 11 ತಿಂಗಳ ಕರಾರಿಗೆ ನೋಂದಣಿ ಕಡ್ಡಾಯ ಅಲ್ಲ, ಇ-ಸ್ಟಾಂಪ್ ಕಾಗದದಲ್ಲಿ ಬರೆದರೆ ಸಾಕು ಅಂತ ಸಮಾಧಾನವಾಗಿ ಹೇಳಿ. ಒಪ್ಪದಿದ್ದರೆ ಬಾಡಿಗೆಯನ್ನು ನಗದು ಕೊಡುವ ಬದಲು ಫೋನ್‌ಪೇ, ಗೂಗಲ್‌ಪೇ ಮೂಲಕ ಕೊಡಿ, "ಬಾಡಿಗೆ" ಅಂತ ಬರೆದು ಕಳಿಸಿ. ಅಡ್ವಾನ್ಸ್ ಅಂತೂ ನಗದು ಕೊಡಲೇಬೇಡಿ. ಗ್ಯಾಸ್ ಕನೆಕ್ಷನ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಶಾಲೆ, ಇವನ್ನೆಲ್ಲ ಅದೇ ವಿಳಾಸಕ್ಕೆ ಮಾಡಿಸಿ.

ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಾರೆ. ಇದು ಕಾನೂನಾ?

ಅದು ಬೆಂಗಳೂರಿನ ರೂಢಿ, ಕಾನೂನಲ್ಲ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಠೇವಣಿ ಬೇಡ ಅನ್ನುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ತನ್ನ ಕಾನೂನು ಮಾಡಿದರಷ್ಟೇ ಜಾರಿ. ಅಡ್ವಾನ್ಸ್‌ನಲ್ಲಿ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ಖಾಲಿ ಮಾಡಿದ ಮೇಲೆ ಎಷ್ಟು ದಿನದಲ್ಲಿ ವಾಪಸ್ ಕೊಡುತ್ತಾರೆ, ಈ ಎರಡನ್ನೂ ಕರಾರಿನಲ್ಲಿ ಬರೆಸಿ.

ಭೋಗ್ಯಕ್ಕೆ ಹಾಕಿಕೊಂಡರೆ ಬಾಡಿಗೆ ಉಳಿಯುತ್ತದೆ ಅಲ್ವಾ?

ಉಳಿಯುತ್ತದೆ. ಒಂದಷ್ಟು ಲಕ್ಷ ಕೊಟ್ಟು ಎರಡು ಮೂರು ವರ್ಷ ಇದ್ದು, ಹೋಗುವಾಗ ಪೂರ್ತಿ ಹಣ ವಾಪಸ್. ಅಪಾಯವೂ ಅಷ್ಟೇ ದೊಡ್ಡದು. ಮಾಲೀಕರು ಆ ಮನೆಯ ಮೇಲೆ ಬ್ಯಾಂಕ್ ಸಾಲ ಮಾಡಿ ಕಟ್ಟದೆ ಹೋದರೆ ಬ್ಯಾಂಕಿನವರು ಮನೆ ವಶಕ್ಕೆ ಬರುತ್ತಾರೆ. ಮಧ್ಯದವರು ತಾವೇ ಬಾಡಿಗೆಗೆ ಪಡೆದ ಮನೆಯನ್ನು ನಿಮಗೆ ಭೋಗ್ಯಕ್ಕೆ ಕೊಟ್ಟು ಹಣದ ಜೊತೆ ನಾಪತ್ತೆಯಾಗುವುದೂ ಇದೆ.

ಹಣ ಕೊಡುವ ಮೊದಲು ಖಾತೆ ಮತ್ತು ಋಣಭಾರ ಪತ್ರ (ಇಸಿ) ನೋಡಿ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ನೋಂದಣಿಗೆ ಒಪ್ಪದ ಮಾಲೀಕರಿಗೆ ಜೀವಮಾನದ ಉಳಿತಾಯ ಕೊಡಬೇಡಿ.

ನಾಳೆಯೇ ಖಾಲಿ ಮಾಡಿ ಅನ್ನುತ್ತಿದ್ದಾರೆ. ಸಾಮಾನು ಹೊರಗೆ ಹಾಕಿದರೆ?

ಹಾಗೆ ಮಾಡುವ ಹಕ್ಕು ಮಾಲೀಕರಿಗೂ ಇಲ್ಲ, ಪೊಲೀಸರಿಗೂ ಇಲ್ಲ. ನೀವು ಒಪ್ಪದಿದ್ದರೆ ಕೋರ್ಟಿನ ಆದೇಶ ಬೇಕು.

ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು. ಅದರ ರಕ್ಷಣೆ ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟದ ಮನೆಗಳಿಗೆ ಮಾತ್ರ. ಈ ಮಿತಿ ಇಂದಿನ ಬಾಡಿಗೆಗೆ ಏನೇನೂ ಸಾಲದು. ಮಿತಿ ದಾಟಿದವರಿಗೂ ರಕ್ಷಣೆ ಇಲ್ಲ ಅಂತಲ್ಲ. ಬೇರೆ ಕರಾರು ಇಲ್ಲದೆ ತಿಂಗಳ ಲೆಕ್ಕದಲ್ಲಿ ಇರುವವರಿಗೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ 15 ದಿನದ ನೋಟಿಸ್ ಕೊಡಬೇಕು. ಬಲವಂತದಿಂದ ಹೊರಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್‌ನಡಿ ಆರು ತಿಂಗಳ ಒಳಗೆ ದಾವೆ ಹಾಕಿ ಮತ್ತೆ ಮನೆಯ ಸ್ವಾಧೀನ ಕೇಳಬಹುದು.

ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ಮನಿರಬೇಡಿ. ಪ್ರತಿ ತಾಲ್ಲೂಕು ಕೋರ್ಟಿನಲ್ಲೂ ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರು, ಎಸ್‌ಸಿ, ಎಸ್‌ಟಿ, ವಿಕಲಚೇತನರಿಗೆ ಆದಾಯ ಎಷ್ಟಿದ್ದರೂ ವಕೀಲರು ಉಚಿತ. ಸಹಾಯವಾಣಿ 15100.

ಗಂಡ ನನ್ನನ್ನೂ ಮಕ್ಕಳನ್ನೂ ಹೊರಗೆ ಹಾಕಿದ್ದಾನೆ. ಮನೆ ಬಾಡಿಗೆಯದು, ಕರಾರು ಅವನ ಹೆಸರಿನಲ್ಲಿದೆ.

ಆದರೂ ನಿಮಗೆ ಅಲ್ಲಿ ಇರುವ ಹಕ್ಕು ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಬಾಡಿಗೆ ಮನೆಯನ್ನೂ ಒಟ್ಟಿಗೆ ಬಾಳಿದ ಮನೆ ಅಂತಲೇ ನೋಡುತ್ತದೆ. ಅಲ್ಲಿ ಇರಲು ಆಗದಿದ್ದರೆ ಅದೇ ಮಟ್ಟದ ಬೇರೆ ಮನೆ ಮಾಡಿಕೊಡಬೇಕು ಅಥವಾ ಅದರ ಬಾಡಿಗೆ ಕಟ್ಟಬೇಕು ಅಂತ ಮ್ಯಾಜಿಸ್ಟ್ರೇಟ್ ಗಂಡನಿಗೆ ಆದೇಶ ಕೊಡಬಹುದು. ನಿಮ್ಮ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಸಂರಕ್ಷಣಾಧಿಕಾರಿ. ಅವರ ಹತ್ತಿರ ದೂರು ಕೊಡಿ. ತಕ್ಷಣದ ಸಹಾಯಕ್ಕೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಜಿಲ್ಲಾ ಕೇಂದ್ರದ ಸಖಿ ಕೇಂದ್ರದಲ್ಲಿ ಕೆಲವು ದಿನ ಇರಲು ಜಾಗ ಸಿಗುತ್ತದೆ.

ಮನೆ ಮಗನ ಹೆಸರಿಗೆ ಬರೆದುಕೊಟ್ಟೆ. ಈಗ ನನ್ನನ್ನೇ ಹೊರಹಾಕಿದ್ದಾನೆ, ಬಾಡಿಗೆ ರೂಮಿನಲ್ಲಿದ್ದೇನೆ.

2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಿ. ನೋಡಿಕೊಳ್ಳುತ್ತೇನೆ ಅನ್ನುವ ಷರತ್ತಿನ ಮೇಲೆ ಕೊಟ್ಟ ದಾನಪತ್ರವನ್ನು ರದ್ದು ಮಾಡುವ ಅಧಿಕಾರ ಅವರಿಗಿದೆ. ಹಿರಿಯರ ಸಹಾಯವಾಣಿ 14567.

ಈ ರಾತ್ರಿ ಮಲಗಲು ಜಾಗ ಇಲ್ಲ. ಎಲ್ಲಿಗೆ ಹೋಗಲಿ?

ನಗರಗಳಲ್ಲಿ ಪಾಲಿಕೆಯ ನಿರಾಶ್ರಿತರ ವಸತಿ ಕೇಂದ್ರಗಳಿವೆ, ಜನ ನೈಟ್ ಶೆಲ್ಟರ್ ಅನ್ನುತ್ತಾರೆ. ಒಂದು ಲಕ್ಷ ಜನಕ್ಕೆ ಒಂದು ಇರಬೇಕು ಅನ್ನುವುದು ನಿಯಮ, ಅಷ್ಟು ಎಲ್ಲ ಕಡೆ ಇಲ್ಲ. ಪಾಲಿಕೆ ಸಹಾಯವಾಣಿಗೆ ಅಥವಾ 112ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ಮಕ್ಕಳು ಒಂಟಿಯಾಗಿದ್ದರೆ 1098.

ಬಾಡಿಗೆಯಲ್ಲಿದ್ದರೂ ಗೃಹಜ್ಯೋತಿಯ ಉಚಿತ ಕರೆಂಟು ಸಿಗುತ್ತಾ?

ಸಿಗುತ್ತದೆ. ನಿಮ್ಮ ಆಧಾರ್ ಅನ್ನು ಆ ಮನೆಯ ಆರ್‌ಆರ್ ನಂಬರಿಗೆ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕದ ಸಂಖ್ಯೆ) ಜೋಡಿಸಬೇಕು, ಅಷ್ಟೇ. ಮನೆ ಬದಲಾಯಿಸಿದಾಗ ಹಳೇ ಜೋಡಣೆ ತೆಗೆಸಿ ಹೊಸದು ಮಾಡಿಸಿ. ವಠಾರದಲ್ಲಿ ನಾಲ್ಕು ಮನೆಗೆ ಒಂದೇ ಮೀಟರ್ ಇದ್ದರೆ ಕಷ್ಟ. ಎಲ್ಲರ ಬಳಕೆ ಸೇರಿ 200 ಯೂನಿಟ್ ದಾಟಿಬಿಡುತ್ತದೆ. ಬೇರೆ ಬೇರೆ ಮೀಟರ್ ಹಾಕಿಸಿ ಅಂತ ಮಾಲೀಕರನ್ನು ಕೇಳಿ. ಬಿಲ್ಲು ಸೊನ್ನೆ ಬರುತ್ತಿದ್ದರೂ ತಿಂಗಳಿಗೆ ಕರೆಂಟಿಗೆ ಅಂತ ದುಡ್ಡು ಕೇಳುವ ಮಾಲೀಕರಿದ್ದಾರೆ. ಅಂಥವರಿಗೆ ಬಿಲ್ಲು ತೋರಿಸಿ ಅನ್ನಿ.

ಮನೆ ಕೊಡಿಸುತ್ತೇನೆ ಅಂತ ಒಬ್ಬರು ದುಡ್ಡು ಕೇಳುತ್ತಿದ್ದಾರೆ.

ಕೊಡಬೇಡಿ. ಬಸವ, ಅಂಬೇಡ್ಕರ್, ದೇವರಾಜ ಅರಸು ಯೋಜನೆಗಳಲ್ಲಿ ಆಯ್ಕೆಗೆ ಯಾವ ಶುಲ್ಕವೂ ಇಲ್ಲ. ಬಿಲ್ಲು ಬಿಡಿಸಲು, ಜಿಪಿಎಸ್ ಫೋಟೋ ತೆಗೆಯಲು ದುಡ್ಡು ಕೇಳಿದರೆ ಅದು ಲಂಚ. ದೂರು ಲೋಕಾಯುಕ್ತಕ್ಕೆ. ಒಟಿಪಿಯನ್ನು ಯಾರಿಗೂ ಹೇಳಬೇಡಿ, ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ.

ವರ್ಷಗಳಿಂದ ಅರ್ಜಿ ಕೊಡುತ್ತಿದ್ದೇನೆ, ಪಟ್ಟಿಯಲ್ಲಿ ಹೆಸರೇ ಬರುತ್ತಿಲ್ಲ.

ಬಾಯಿಮಾತಿನಲ್ಲಿ ಕೇಳುವುದನ್ನು ನಿಲ್ಲಿಸಿ, ಬರೆದು ಕೇಳಿ. ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡು ಇದ್ದವರಿಗೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಉತ್ತರಕ್ಕೆ 30 ದಿನ ಸಮಯ.

ಕೇಳಬೇಕಾದದ್ದು ಇಷ್ಟು: ನಮ್ಮ ಪಂಚಾಯಿತಿಗೆ ಹಿಂದಿನ ಮೂರು ವರ್ಷದಲ್ಲಿ ಬಂದ ಮನೆಗಳ ಗುರಿ ಎಷ್ಟು, ಆಯ್ಕೆಯಾದವರ ಪಟ್ಟಿ, ಆಯ್ಕೆ ಮಾಡಿದ ಗ್ರಾಮಸಭೆಯ ನಡಾವಳಿ ಪ್ರತಿ. ಈ ಮೂರು ಕಾಗದ ಕೈಗೆ ಬಂದರೆ ಸಭೆ ನಿಜವಾಗಿ ನಡೆದಿತ್ತಾ, ಈಗಾಗಲೇ ಮನೆ ಇದ್ದವರಿಗೇ ಮತ್ತೆ ಕೊಟ್ಟಿದ್ದಾರಾ ಅನ್ನುವುದು ತಿಳಿಯುತ್ತದೆ. ತಪ್ಪು ಕಂಡರೆ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಹಣಾಧಿಕಾರಿಗೆ, ಅಲ್ಲೂ ಆಗದಿದ್ದರೆ ಜಿಲ್ಲಾ ಪಂಚಾಯಿತಿ ಸಿಇಒಗೆ ಆ ಕಾಗದಗಳನ್ನು ಸೇರಿಸಿ ದೂರು ಕೊಡಿ, ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ.